ಕರೆಯದಿದ್ದರೂ ಓಗೊಡುವ ಫೋನು

“ಅಣ್ಣ, ಇದು ಸ್ವಿಚಾಫೇ ಆಗ್ತಿಲ್ಲ. ಪವರ್ ಬಟನ್ ಒತ್ತಿ ಹಿಡಿದ್ರೆ, ಏನ್ ಬೇಕು ಅಂತ ಕೇಳ್ತದೆ.”

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ಡಿಸ್‌ಪ್ಲೇ ಹಾಕುವುದು, ಬ್ಯಾಟರಿ ಬದಲಿಸುವುದು, ಟೆಂಪರ್ ಗ್ಲಾಸ್, ರೀಚಾರ್ಜು. ಮೊದಲೆಲ್ಲ ಫೋನ್ ಮಾತಾಡ್ತಿಲ್ಲ ಅಂತ ತರುತ್ತಿದ್ದರು. ಈಗ ಫೋನ್ ಸುಮ್ನಿರ್ತಿಲ್ಲ ಅಂತ ತರುತ್ತಾರೆ. ವಾರಕ್ಕೆ ನಾಲ್ಕೈದು ಜನರದ್ದು ಇದೇ ದೂರು. ಬಿಚ್ಚುವ ಕೆಲಸ ಇರುವುದಿಲ್ಲ, ಹಾಗಾಗಿ ದುಡ್ಡು ಕೇಳಲು ಮನಸ್ಸಾಗುವುದಿಲ್ಲ. ಕಾಫಿ ಕೊಡಿಸಿ ಹೋಗುತ್ತಾರೆ. ಅಷ್ಟು ಕಾಫಿ ಮೈಗೆ ಒಳ್ಳೆಯದಲ್ಲ. ಅದಕ್ಕೇ ಎಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲು, ಮಾತಾಡುತ್ತಿರುವುದು ಯಾರು?

“ಫೋನ್ ತಾನೇ ಮಾತಾಡ್ತಿದೆ” ಅನ್ನುವುದು ಮೂರು ಬೇರೆ ಬೇರೆ ಕಾಯಿಲೆಗೆ ಜನ ಇಟ್ಟಿರುವ ಒಂದೇ ಹೆಸರು. ಯಾವುದು ಅಂತ ಗೊತ್ತಾಗದೆ ಸೆಟ್ಟಿಂಗ್ಸ್ ಒಳಗೆ ಕೈ ಹಾಕಬೇಡಿ.

ಮುಟ್ಟಿದ್ದನ್ನೆಲ್ಲ ಓದಿ ಹೇಳುತ್ತಿದೆಯೇ? ಒಂದು ಸಲ ಮುಟ್ಟಿದರೆ ಏನೂ ತೆರೆಯದೆ ಸುತ್ತಲೂ ಬರೀ ಒಂದು ಚೌಕ ಮೂಡುತ್ತಿದೆಯೇ? ಹಾಗಿದ್ದರೆ ಅದು ವಾಯ್ಸ್ ಅಸಿಸ್ಟೆಂಟ್, ಅಂದರೆ ಬಾಯಲ್ಲಿ ಹೇಳಿದ ಕೆಲಸ ಮಾಡಿಕೊಡುವ ಸಹಾಯಕ, ಅಲ್ಲವೇ ಅಲ್ಲ. ಅದು ಟಾಕ್‌ಬ್ಯಾಕ್. ಕಣ್ಣು ಕಾಣದವರಿಗಾಗಿ ಆಂಡ್ರಾಯ್ಡ್‌ನಲ್ಲಿ ಇಟ್ಟಿರುವ ಅನುಕೂಲ. ಸುಮಾರು ಫೋನುಗಳಲ್ಲಿ ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಅದುಮಿದರೆ ಅದು ಏಳುತ್ತದೆ. ಮಕ್ಕಳ ಕೈಗೆ ಕೊಟ್ಟಾಗ ಆಗುವುದು ಇದೇ. ಮಲಗಿಸಲೂ ಅದೇ ಎರಡು ಬಟನ್, ಅದೇ ಮೂರು ಸೆಕೆಂಡ್. ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ. ಅಲ್ಲಿಗೆ ಹೋಗುವಾಗ ಮಾತ್ರ ಅದರ ಲೆಕ್ಕದಲ್ಲೇ ನಡೆಯಬೇಕು: ಬೇಕಾದ್ದನ್ನು ಒಂದು ಸಲ ಮುಟ್ಟಿ, ಆಮೇಲೆ ಬೇಗ ಬೇಗ ಎರಡು ಸಲ ತಟ್ಟಿ. ಮೇಲೆ ಕೆಳಗೆ ಸರಿಸಲು ಎರಡು ಬೆರಳು. ಇದು ಗೊತ್ತಿಲ್ಲದೆ ಫೋನ್ ಕೆಟ್ಟೇ ಹೋಯ್ತು ಅಂತ ಹೊಸದು ಕೊಳ್ಳಲು ಬಂದವರನ್ನೂ ನೋಡಿದ್ದೇನೆ. ಮಾರಿದ್ದರೆ ನನಗೆ ಲಾಭವೇ. ಆದರೆ ಊರು ಸಣ್ಣದು, ನಾಳೆ ಮತ್ತೆ ಮುಖ ನೋಡಬೇಕು.

ಎರಡನೆಯದು ಇಯರ್‌ಫೋನ್ ತೂತಿನ ಕಾಯಿಲೆ. ಇಯರ್‌ಫೋನ್ ವೈರಿನ ಮೇಲಿರುವ ಬಟನ್ ಒತ್ತಿ ಹಿಡಿದರೆ ಅಸಿಸ್ಟೆಂಟ್ ಏಳುತ್ತದೆ. ವೈರು ಒಳಗೊಳಗೇ ಕಟ್ ಆಗಿದ್ದರೆ, ತೂತಿಗೆ ಬೆವರೋ ನೀರೋ ಇಳಿದಿದ್ದರೆ, ಯಾರೋ ಆ ಬಟನ್ ಒತ್ತುತ್ತಿದ್ದಾರೆ ಅಂತಲೇ ಫೋನು ತಿಳಿದುಕೊಳ್ಳುತ್ತದೆ. ಐದೈದು ನಿಮಿಷಕ್ಕೆ ಎದ್ದು ಕೂರುತ್ತದೆ. ಗುರುತು ಸುಲಭ. ಇಯರ್‌ಫೋನ್ ಕಿತ್ತ ಮೇಲೂ ಸ್ಕ್ರೀನ್ ಮೇಲ್ಗಡೆ ಹೆಡ್‌ಫೋನ್ ಚಿತ್ರ ಹಾಗೇ ಇರುತ್ತದೆ. ಫೋನನ್ನು ಒಂದು ರಾತ್ರಿ ಫ್ಯಾನಿನ ಕೆಳಗೆ ಒಣಗಲು ಬಿಡಿ, ತೂತಿಗೆ ಗಾಳಿ ಹೊಡೆಸಿ. ಪಿನ್ನು, ಸೂಜಿ ಹಾಕಬೇಡಿ. ಹಾಕಿದವರ ಫೋನನ್ನು ನಾನು ಬಿಚ್ಚಲೇಬೇಕಾಗುತ್ತದೆ, ಆಗ ಬರೀ ಕಾಫಿಗೆ ಮುಗಿಯುವುದಿಲ್ಲ.

ಈ ಎರಡೂ ಅಲ್ಲದಿದ್ದರೆ, ಮಾತಾಡುತ್ತಿರುವುದು ಅಸಿಸ್ಟೆಂಟೇ. ನಮ್ಮವ್ವ ಅದನ್ನು “ಆ ಹುಡುಗಿ” ಅನ್ನುತ್ತಾಳೆ. ಅವ್ವನ ಕಥೆ ಮುಂದೆ ಬರುತ್ತದೆ.

ಪವರ್ ಬಟನ್ ವಾಪಸ್ ಪಡೆಯುವುದು

ಈಚಿನ ಸುಮಾರು ಫೋನುಗಳಲ್ಲಿ ಪವರ್ ಬಟನ್ ಒತ್ತಿ ಹಿಡಿಯುವ ಕೆಲಸವನ್ನು ಕಂಪನಿಯವರೇ ಅಸಿಸ್ಟೆಂಟ್‌ಗೆ ಕೊಟ್ಟುಬಿಟ್ಟಿದ್ದಾರೆ. ನಮ್ಮನ್ನು ಒಂದು ಮಾತೂ ಕೇಳಿಲ್ಲ. ಬಟನ್ ಹೆಸರು ಪವರ್, ಮಾಡುವ ಕೆಲಸ ಬೇರೆ.

ಪ್ರತಿ ಫೋನಿನಲ್ಲೂ ದಾರಿ ಬೇರೆ ಇರುತ್ತದೆ. ಅದಕ್ಕೇ ಮೆನು ಹೆಸರು ಬಾಯಿಪಾಠ ಮಾಡಬೇಡಿ. ಸೆಟ್ಟಿಂಗ್ಸ್ ತೆರೆದರೆ ಮೇಲೆ ಹುಡುಕುವ ಜಾಗ ಇರುತ್ತದೆ. ಅಲ್ಲಿ ಪವರ್ ಬಟನ್ ಅಂತ ಟೈಪ್ ಮಾಡಿ, ಸ್ಯಾಮ್‌ಸಂಗ್ ಆದರೆ ಸೈಡ್ ಬಟನ್ ಅಂತ ಹುಡುಕಿ. ಒತ್ತಿ ಹಿಡಿದಾಗ ಏನಾಗಬೇಕು ಅನ್ನುವ ಕಡೆ ಅಸಿಸ್ಟೆಂಟ್ ತೆಗೆದು ಪವರ್ ಮೆನು ಅಂತ ಮಾಡಿ. ಅಲ್ಲಿಯವರೆಗೆ ಫೋನ್ ಆಫ್ ಮಾಡಲೇಬೇಕಿದ್ದರೆ ಪವರ್ ಜತೆ ವಾಲ್ಯೂಮ್ ಮೇಲಿನ ಬಟನ್ ಒತ್ತಿ. ಸ್ಯಾಮ್‌ಸಂಗ್‌ನಲ್ಲಿ ವಾಲ್ಯೂಮ್ ಕೆಳಗಿನ ಬಟನ್.

ಇದೊಂದು ಮಾಡಿಕೊಟ್ಟರೆ ಅರ್ಧ ಜನ ಸಮಾಧಾನವಾಗಿ ಹೋಗುತ್ತಾರೆ. ಉಳಿದರ್ಧ ಜನ ತಿರುಗಿ ಬರುತ್ತಾರೆ. ಅವರ ದೂರು ಉಲ್ಟಾ: “ಕೂಗಿದ್ರೂ ಕೇಳ್ಸಲ್ಲ ಇದಕ್ಕೆ.”

ಕೇಳಿಸದಿದ್ದರೆ ಮೊದಲು ಕಿವಿ ನೋಡಿ

ನಮ್ಮದು ಕೊಬ್ಬರಿ ಊರು. ಮಂಡಿಯಲ್ಲಿ ಕೂತು ಸಂಜೆವರೆಗೂ ಉಂಡೆ ಕೊಬ್ಬರಿ ಆರಿಸುವವರ ಫೋನನ್ನು ತಿರುಗಿಸಿ ನೋಡಿದರೆ, ಚಾರ್ಜರ್ ತೂತಿನ ಪಕ್ಕದ ಸಣ್ಣ ರಂಧ್ರದಲ್ಲಿ ನಾರು, ಧೂಳು, ಕೊಬ್ಬರಿ ಎಣ್ಣೆ ಎಲ್ಲ ಸೇರಿ ಒಂದು ಬಿರಡೆಯೇ ಆಗಿರುತ್ತದೆ. ಅದೇ ಮೈಕು. ಅಸಿಸ್ಟೆಂಟ್‌ಗೆ ಕನ್ನಡ ಬರಲ್ಲ, ನಮ್ಮ ಉಚ್ಚಾರ ಅರ್ಥ ಆಗಲ್ಲ ಅಂತ ಬೈಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಫೋನಿನಲ್ಲೇ ಇರುವ ವಾಯ್ಸ್ ರೆಕಾರ್ಡರ್ ತೆರೆದು ಎರಡು ವಾಕ್ಯ ಹೇಳಿ, ತಿರುಗಿ ಕೇಳಿ. ನಿಮ್ಮ ದನಿ ನಿಮಗೇ ಬಾವಿಯೊಳಗಿಂದ ಬಂದ ಹಾಗಿದ್ದರೆ ತಪ್ಪು ಭಾಷೆಯದ್ದಲ್ಲ. ಒಣಗಿದ ಮೆತ್ತನೆ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಹಗುರಾಗಿ ಉಜ್ಜಿ. ಸಾಮಾನ್ಯವಾಗಿ ಮೇಲ್ಗಡೆಯೂ ಇನ್ನೊಂದು ಮೈಕ್ ಇರುತ್ತದೆ, ಅದನ್ನೂ ನೋಡಿ. ಅಗ್ಗದ ಬ್ಯಾಕ್ ಕವರ್ ಹಾಕಿದ್ದರೆ ಅದರ ತೂತು ಮೈಕಿನ ತೂತಿಗೆ ಸರಿಯಾಗಿ ಕೂತಿದೆಯಾ ನೋಡಿ. ಎಷ್ಟೋ ಸಲ ಕವರ್ ತೆಗೆದ ಕೂಡಲೇ ರೋಗ ವಾಸಿ.

ಮೈಕ್ ಸರಿಯಿದ್ದರೆ ಭಾಷೆಯ ಸರದಿ. ಇಲ್ಲಿ ಜನ ಮಾಡುವ ಒಂದು ತಪ್ಪನ್ನು ದಿನಾ ನೋಡುತ್ತೇನೆ. ವಾಟ್ಸಾಪ್‌ನಲ್ಲಿ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡುತ್ತಾರೆ, ಇಂಗ್ಲಿಷಿನಲ್ಲಿ ಏನೇನೋ ಬೀಳುತ್ತದೆ. ಸ್ಪೇಸ್ ಬಾರ್ ಮೇಲೆ ಯಾವ ಭಾಷೆಯ ಹೆಸರಿದೆ ನೋಡಿ. ಅಲ್ಲಿ ಇಂಗ್ಲಿಷ್ ಇದ್ದರೆ ಅದು ಇಂಗ್ಲಿಷಿಗೇ ಕಿವಿ ಕೊಟ್ಟು ಕೂತಿರುತ್ತದೆ. ಮೊದಲು ಕನ್ನಡಕ್ಕೆ ಬದಲಿಸಿ, ಆಮೇಲೆ ಮೈಕ್ ಒತ್ತಿ. ಗೂಗಲ್ ಕೀಬೋರ್ಡಿಗೆ ಕನ್ನಡ ಬಾಯಲ್ಲಿ ಹೇಳಿ ಟೈಪ್ ಮಾಡಿಸುವುದು ಬಂದದ್ದು 2017ರ ಆಗಸ್ಟ್‌ನಲ್ಲಿ. ಇಷ್ಟು ವರ್ಷ ಆದರೂ ಬಹಳ ಜನರಿಗೆ ಇದೊಂದು ಸಣ್ಣ ವಿಷಯ ಗೊತ್ತಿಲ್ಲ. ನನ್ನ ಪ್ರಕಾರ ಇಡೀ ಅಸಿಸ್ಟೆಂಟ್ ಒಂದು ತೂಕ, ಈ ಕೀಬೋರ್ಡಿನ ಮೈಕ್ ಒಂದು ತೂಕ. ನಿಜವಾಗಿ ಕೆಲಸಕ್ಕೆ ಬರುವುದು ಇದೇ.

ಆದರೂ ಕಳಿಸುವ ಮುಂಚೆ ಓದಿ ನೋಡಿ. ನಮ್ಮ ಬೀದಿಯ ವ್ಯಾಪಾರಿಯೊಬ್ಬರು “ಉಂಡೆ ಹದಿನೈದು ಚೀಲ” ಅಂದರು. ಫೋನು “ಮಂಡೇ ಹದಿನೈದು ಚೀಲ” ಅಂತ ಬರೆದು ಕಳಿಸಿತು. ಆ ಕಡೆಯವರು ಸೋಮವಾರ ಲಾರಿ ತಂದು ನಿಲ್ಲಿಸಿದರು. ಆಮೇಲೆ ನಡೆದ ಮಾತುಕತೆಯನ್ನು ಯಾವ ಫೋನೂ ಕೇಳಿಸಿಕೊಂಡಿರದಿದ್ದರೆ ಸಾಕು.

ಅಸಿಸ್ಟೆಂಟ್‌ಗೆ ಕನ್ನಡದಲ್ಲಿ ಹೇಳಿ ಫೋನ್ ಮಾಡಿಸುವುದಿದ್ದರೆ ತೊಂದರೆ ಇರುವುದು ಕಾಂಟ್ಯಾಕ್ಟ್ ಪಟ್ಟಿಯಲ್ಲಿ. ಮಗನ ನಂಬರ್ ಮೊದಲು ಬರಲಿ ಅಂತ ಹೆಸರಿನ ಶುರುವಿಗೆ ಮೂರು ‘ಎ’ ಸೇರಿಸಿರುತ್ತಾರೆ. ಒಂದೇ ಪಟ್ಟಿಯಲ್ಲಿ ಐದು ರಾಜಣ್ಣ ಇರುತ್ತಾರೆ. ಅದು ಪಾಪ ಯಾರಿಗೆ ಅಂತ ಮಾಡಬೇಕು? ನಾನು ಅವ್ವನ ಫೋನಿನಲ್ಲಿ ಮಾಡಿದ್ದು ಹೀಗೆ. ಅವಳು ದಿನಾ ಮಾತಾಡುವ ಒಂಬತ್ತು ಜನರನ್ನು ಮಾತ್ರ ಆರಿಸಿ, ಹೆಸರನ್ನು ಕನ್ನಡ ಅಕ್ಷರದಲ್ಲೇ, ಅವಳು ಬಾಯಲ್ಲಿ ಹೇಗೆ ಹೇಳುತ್ತಾಳೋ ಹಾಗೇ ಬರೆದೆ. ಪ್ರತಿಯೊಬ್ಬರಿಗೂ ಎರಡು ಪದ. “ಹುಳಿಯಾರು ಅಕ್ಕ”, “ಹಾಲಿನ ಅಂಗಡಿ”, “ದೊಡ್ಡ ಮಗ”. ಒಂದೇ ಪದ ಇದ್ದರೆ ಎಡವುತ್ತದೆ. ಮೊದಲು ಬರೀ “ಮಗ” ಅಂತ ಇಟ್ಟಿದ್ದೆ. ಒಂದು ದಿನ ಬೆಳಗಿನ ಜಾವ ಐದಕ್ಕೆ ಅದು “ಮಗ್ಗದ ಮನೆ” ಅಂತ ಸೇವ್ ಆಗಿದ್ದವರಿಗೆ ಹಚ್ಚಿತು. ಅಷ್ಟು ಹೊತ್ತಿನಲ್ಲಿ ಫೋನ್ ಬಂದರೆ ಮನೆಯವರಿಗೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ನಾನೇ ಹೋಗಿ ತಪ್ಪಾಯ್ತು ಅಂದೆ.

ಮತ್ತೆ, ಅಲಾರಂ ಇಡುವಾಗ ಐದೂವರೆ, ಕಾಲು ಗಂಟೆ, ಮುಕ್ಕಾಲು ಅನ್ನುವುದನ್ನು ನಾನು ಬಿಟ್ಟಿದ್ದೇನೆ. “ಬೆಳಗ್ಗೆ ಐದು ಮೂವತ್ತು” ಅಂದರೆ ತಕರಾರಿಲ್ಲ. ಬೇಜಾರಾಗುತ್ತದೆ, ಐದೂವರೆ ಎಷ್ಟು ಚಂದದ ಮಾತು.

ಓಕೆ ಗುರು

ನಮ್ಮ ಕಡೆ ಮಾತು ಮುಗಿಸುವುದೇ ಹೀಗೆ. “ಓಕೆ ಗುರು, ನಾಳೆ ಬರ್ತೀನಿ.” ನನ್ನ ಕೌಂಟರ್ ಮೇಲೆ ರಿಪೇರಿಗೆ ಬಂದ ಫೋನುಗಳು ಸಾಲಾಗಿ ಇರುತ್ತವೆ. ಯಾರೋ ಜೋರಾಗಿ ಇದನ್ನು ಹೇಳಿದರೆ ಒಂದಾದರೂ ಫೋನು ಮಿಣಕ್ ಅಂತ ಏಳುತ್ತದೆ. ಅದರ ಕಿವಿಗೆ “ಓಕೆ ಗೂಗಲ್” ಅಂತ ಅದನ್ನೇ ಕರೆದ ಹಾಗಿರುತ್ತದೆ.

ಇದು ನಮ್ಮೂರಿನ ತಮಾಷೆ ಮಾತ್ರ ಅಲ್ಲ. ಜರ್ಮನಿಯ ಬೋಖುಂ ಊರಿನ ವಿಶ್ವವಿದ್ಯಾಲಯದವರು 2020ರಲ್ಲಿ ಟಿವಿ ಕಾರ್ಯಕ್ರಮ, ಸುದ್ದಿ ಎಲ್ಲ ಹಾಕಿ ಕೇಳಿಸಿ, ಬೇರೆ ಬೇರೆ ಕಂಪನಿಯ ಅಸಿಸ್ಟೆಂಟ್‌ಗಳನ್ನು ತಪ್ಪಾಗಿ ಎಬ್ಬಿಸುವ ಸಾವಿರಕ್ಕೂ ಜಾಸ್ತಿ ಮಾತುಗಳನ್ನು ಪಟ್ಟಿ ಮಾಡಿದ್ದರು. ಎ ಸಿಟಿ ಅಂದರೆ ಆಪಲ್‌ನ ಸಿರಿ ಏಳುತ್ತಿತ್ತು. ಎಲೆಕ್ಷನ್ ಅಂದರೆ ಅಮೆಜಾನ್‌ನ ಅಲೆಕ್ಸಾ ಏಳುತ್ತಿತ್ತು. ಕನ್ನಡದ ಪಟ್ಟಿಯನ್ನು ಯಾರಾದರೂ ಮಾಡಿದರೆ ಗುರು ಮೊದಲ ಸಾಲಿನಲ್ಲಿ ಇರುತ್ತಾನೆ ಅಂತ ನನ್ನ ಅಂದಾಜು.

ಯಾಕೆ ಹೀಗೆ ಅಂದರೆ, ಅದರ ಕೆಲಸದ ರೀತಿ ಹಾಗಿದೆ. ಕರೆಯುವ ಮಾತಿಗಾಗಿ ಕಾಯುವುದು ಫೋನಿನೊಳಗಿನ ಒಂದು ಸಣ್ಣ ಭಾಗ. ಬ್ಯಾಟರಿ ತಿನ್ನಬಾರದು ಅಂತ ಅದಕ್ಕೆ ಬುದ್ಧಿಯನ್ನೂ ಕಡಿಮೆ ಕೊಟ್ಟಿರುತ್ತಾರೆ. ಅದು ಕೊನೆಯ ಕೆಲವು ಸೆಕೆಂಡಿನ ಸದ್ದನ್ನು ಮಾತ್ರ ಇಟ್ಟುಕೊಂಡು, ಇದು ನನ್ನ ಹೆಸರಾ ಅಂತ ನೋಡುತ್ತಾ, ಅಲ್ಲ ಅಂದರೆ ಅಳಿಸುತ್ತಾ ಹೋಗುತ್ತದೆ. ಅಲ್ಲಿಯವರೆಗೆ ಏನೂ ಹೊರಗೆ ಹೋಗುವುದಿಲ್ಲ. ಹೌದು ಅನಿಸಿದ ಮೇಲೆ ನೀವು ಆಡಿದ ಮಾತು ಸಾಮಾನ್ಯವಾಗಿ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಅಂದರೆ ಬಾಗಿಲು ಕಾಯುವವನು ಅರೆ ಕಿವುಡ. ಅವನು ತಪ್ಪು ಕೇಳಿಸಿಕೊಂಡು ಬಾಗಿಲು ತೆಗೆದರೆ, ಆಮೇಲೆ ಆಡುವ ಮಾತೆಲ್ಲ ಬೀದಿಗೆ.

ಬೀದಿಗೆ ಅಂದರೆ ಎಲ್ಲಿಗೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಅಂಗಡಿಯಲ್ಲಿ ಜನ ಇದನ್ನು ನಂಬುವುದೇ ಇಲ್ಲ. 2019ರ ಜುಲೈನಲ್ಲಿ ಬೆಲ್ಜಿಯಂನ ವಿಆರ್‌ಟಿ ಅನ್ನುವ ಸುದ್ದಿಸಂಸ್ಥೆಗೆ ಗೂಗಲ್ ಅಸಿಸ್ಟೆಂಟ್‌ನ ಸಾವಿರಕ್ಕೂ ಜಾಸ್ತಿ ರೆಕಾರ್ಡಿಂಗ್‌ಗಳು ಸಿಕ್ಕವು. ಅದರಲ್ಲಿ 153 ಮಾತುಗಳನ್ನು ಯಾರೂ ಕರೆಯದೆಯೇ ಅದು ರೆಕಾರ್ಡ್ ಮಾಡಿಕೊಂಡಿತ್ತು. ಭಾಷೆ ಸುಧಾರಿಸಲು ನೂರಕ್ಕೆ 0.2ರಷ್ಟು ತುಣುಕುಗಳನ್ನು ಭಾಷೆ ಬಲ್ಲವರ ಕೈಲಿ ಕೇಳಿಸುತ್ತೇವೆ ಅಂತ ಗೂಗಲ್ ಆಗ ಒಪ್ಪಿಕೊಂಡಿತು. ಅದೇ ತಿಂಗಳು ಆಪಲ್ ಸಿರಿಯದ್ದೂ ಹೊರಗೆ ಬಂತು. ಆಗಸ್ಟ್‌ನಲ್ಲಿ ಆಪಲ್ ಆ ಕೆಲಸ ನಿಲ್ಲಿಸಿ ಕ್ಷಮೆ ಕೇಳಿತು, ಇನ್ನು ಮುಂದೆ ಒಪ್ಪಿಗೆ ಕೊಟ್ಟವರದ್ದು ಮಾತ್ರ ಅಂತ ಹೇಳಿತು. ಕೇಸೂ ನಡೆಯಿತು. ತಪ್ಪು ಮಾಡಿಲ್ಲ ಅನ್ನುತ್ತಲೇ 9.5 ಕೋಟಿ ಡಾಲರ್ ಕೊಟ್ಟು ರಾಜಿಯಾಗಲು ಆಪಲ್ ಒಪ್ಪಿದ ಸುದ್ದಿ 2025ರ ಜನವರಿಯಲ್ಲಿ ಬಂತು.

ಈ ಕಥೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ. ಬೆಲ್ಜಿಯಂನವರ ಮಾತು ಕೇಳುತ್ತಿದ್ದವರು ಅಮೆರಿಕದವರಲ್ಲ. ಅದೇ ಭಾಷೆ ಆಡುವವರು. ಬೇರೆಯವರಿಗೆ ಹೇಗೆ ಅರ್ಥವಾಗಬೇಕು? ಹಾಗಾದರೆ ಕನ್ನಡದ ತುಣುಕು ತಿದ್ದಲು ಕನ್ನಡದವರೇ ಬೇಕು. ನಿಮ್ಮ ಮಾತು ಸಾವಿರಾರು ಮೈಲಿ ದೂರದ, ನಮ್ಮನ್ನು ಅರಿಯದ ಯಾರದ್ದೋ ಕಿವಿಗೆ ಬೀಳುತ್ತದೆ, ಏನಾಯ್ತು ಬಿಡು ಅನ್ನುವ ಸಮಾಧಾನ ನಿಲ್ಲುವುದಿಲ್ಲ. ಪಕ್ಕದ ತಾಲ್ಲೂಕಿನವರೇ ಕೇಳಬಹುದು. ಇದನ್ನು ಹೇಳಿದ ಮೇಲೆ ಒಬ್ಬ ಕೊಬ್ಬರಿ ವ್ಯಾಪಾರಿ ತಕ್ಷಣ ಫೋನ್ ಮುಂದಿಟ್ಟು, “ಮೊದ್ಲು ಇದನ್ನ ಮುಚ್ಚಿಕೊಡಪ್ಪ” ಅಂದರು. ಅಲ್ಲಿಯವರೆಗೆ ಅವರು “ನಮ್ಮಂಥವರ ಗುಟ್ಟು ಯಾರಿಗೆ ಬೇಕು” ಅನ್ನುತ್ತಿದ್ದರು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರಲ್ಲ, ಆ ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅವರು ಅಷ್ಟು ಓಡಾಡಿರುವಾಗ ನಾವು ಎರಡು ಸ್ವಿಚ್ ಒತ್ತಲು ಬೇಜಾರು ಮಾಡಿಕೊಳ್ಳುವುದಾ?

ನನ್ನ ಫೋನಿನಲ್ಲಿ ಮಾಡಿರುವುದು

ಕರೆದರೆ ಏಳುವುದನ್ನು ಪೂರ್ತಿ ತೆಗೆದಿದ್ದೇನೆ. ಸೆಟ್ಟಿಂಗ್ಸ್‌ನಲ್ಲಿ ವಾಯ್ಸ್ ಮ್ಯಾಚ್ ಅಂತ ಹುಡುಕಿ, ಹೇ ಗೂಗಲ್ ಅನ್ನುವುದನ್ನು ಆಫ್ ಮಾಡಿ. ಐಫೋನಿನಲ್ಲಿ ಸಿರಿ ಸೆಟ್ಟಿಂಗ್ ಒಳಗೆ ಇದೇ ತರಹದ್ದು ಇದೆ. ಬೇಕಾದಾಗ ನಾನೇ ಆಪ್ ಒತ್ತುತ್ತೇನೆ, ಹೇಳುತ್ತೇನೆ, ಮುಚ್ಚುತ್ತೇನೆ. ಗುರು ಅಂದಿದ್ದಕ್ಕೆ ಏಳುವ ಕಾಟವೂ ಹೋಯಿತು, ಕದ್ದು ಕೇಳುವ ಭಯವೂ ಹೋಯಿತು. ಒಂದೇ ಸ್ವಿಚ್ಚಿಗೆ ಎರಡು ಹಕ್ಕಿ. ಕೈಯಲ್ಲಿ ಫೋನ್ ಹಿಡಿಯಲು ಆಗುವವರಿಗೆಲ್ಲ ನಾನು ಮಾಡಿಕೊಡುವುದು ಇದನ್ನೇ.

ಎರಡನೆಯದು ಹಳೆಯ ಲೆಕ್ಕ ಚುಕ್ತಾ ಮಾಡುವುದು. ಗೂಗಲ್ ಅಕೌಂಟಿನಲ್ಲಿ ಮೈ ಆಕ್ಟಿವಿಟಿ ಅಂತ ಒಂದು ಪುಟ ಇದೆ. ನೀವು ಹುಡುಕಿದ್ದು, ಕೇಳಿದ್ದು ದಿನಾಂಕ ಸಮೇತ ಅಲ್ಲಿರುತ್ತದೆ. ರೆಕಾರ್ಡಿಂಗ್ ಉಳಿದಿದ್ದರೆ ನಿಮ್ಮ ದನಿಯನ್ನೇ ಒತ್ತಿ ಕೇಳಬಹುದು. ಕೇಳಿದವರ ಮುಖ ನೋಡಬೇಕು ನೀವು. ವೆಬ್ ಆಂಡ್ ಆಪ್ ಆಕ್ಟಿವಿಟಿ ಅನ್ನುವುದರ ಒಳಗೆ ವಾಯ್ಸ್ ಮತ್ತು ಆಡಿಯೋ ಸೇರಿಸುವ ಒಂದು ಸಣ್ಣ ಚೌಕ ಇದೆ. ಅದರಲ್ಲಿ ಟಿಕ್ ಇದ್ದರೆ ತೆಗೆಯಿರಿ. ಅಲ್ಲೇ ಆಟೋ ಡಿಲೀಟ್ ಇದೆ: 3 ತಿಂಗಳು, 18 ತಿಂಗಳು, 36 ತಿಂಗಳು. ನಾನು 3 ತಿಂಗಳಿಗೆ ಇಟ್ಟಿದ್ದೇನೆ.

ಈಗ ಅಸಿಸ್ಟೆಂಟ್ ಜಾಗಕ್ಕೆ ಗೂಗಲ್‌ನವರದ್ದೇ ಜೆಮಿನಿ ಅನ್ನುವ ಹೊಸ ಎಐ ಸಹಾಯಕ ಬರುತ್ತಿದೆ. 2024ರಿಂದ ಅದಕ್ಕೆ ಕನ್ನಡವೂ ಬರುತ್ತದೆ, ಹಳೆಯದಕ್ಕಿಂತ ಚೆನ್ನಾಗಿಯೇ ಮಾತಾಡುತ್ತದೆ. ಆದರೆ ಅದರ ಲೆಕ್ಕದ ಪುಸ್ತಕ ಬೇರೆ. ಜೆಮಿನಿ ಆಪ್ ತೆರೆದು, ನಿಮ್ಮ ಫೋಟೋ ಒತ್ತಿ, ಆಕ್ಟಿವಿಟಿಗೆ ಹೋಗಿ ಆಫ್ ಮಾಡಬೇಕು. ಆಫ್ ಮಾಡಿದ ಮೇಲೂ ಮಾತುಕತೆ 72 ಗಂಟೆವರೆಗೆ ಅವರ ಹತ್ತಿರ ಇರುತ್ತದೆ. ಆನ್ ಇದ್ದಾಗ ಮನುಷ್ಯರು ಪರಿಶೀಲಿಸಿದ ಮಾತುಕತೆಯನ್ನು 3 ವರ್ಷದವರೆಗೆ ಇಟ್ಟುಕೊಳ್ಳುತ್ತಾರೆ, ನೀವು ಅಳಿಸಿದರೂ ಅದು ಹೋಗುವುದಿಲ್ಲ. ಗುಟ್ಟಿನ ವಿಷಯ ಹೇಳಬೇಡಿ ಅಂತ ಅವರೇ ಬರೆದಿದ್ದಾರೆ. ಹಾಗಾಗಿ ಡಾಕ್ಟರ್ ಚೀಟಿ, ಜಮೀನಿನ ಜಗಳ, ಸಾಲ, ಪಿನ್ ನಂಬರ್ ಇದ್ಯಾವುದನ್ನೂ ಅದರ ಹತ್ತಿರ ಬಾಯಿ ಬಿಡಬೇಡಿ.

ಐಫೋನಿನವರಿಗೆ ಎರಡೇ ಮಾತು, ನನ್ನ ಅಂಗಡಿಗೆ ಬರುವುದೇ ಅಪರೂಪ. ಪ್ರೈವಸಿ ಸೆಟ್ಟಿಂಗ್ ಒಳಗೆ ಸಿರಿ ಸುಧಾರಿಸಲು ರೆಕಾರ್ಡಿಂಗ್ ಕೊಡುವುದು ಅಂತ ಇರುತ್ತದೆ, ಆಫ್ ಮಾಡಿ. ಮತ್ತೆ, ಫೋನನ್ನು ಬೋರಲು ಹಾಕಿದರೆ, ಹೆಸರು ಹಿಡಿದು ಕರೆದರೂ ಸಿರಿ ಸಾಮಾನ್ಯವಾಗಿ ಓಗೊಡುವುದಿಲ್ಲ. ಖರ್ಚಿಲ್ಲದ ಉಪಾಯ.

ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾದರೆ, ಮೇಲಿಂದ ಪರದೆ ಎಳೆದಾಗ ಬರುವ ಬಟನ್‌ಗಳಲ್ಲಿ ಮೈಕ್ ಆಕ್ಸೆಸ್ ಅಂತ ಒಂದನ್ನು ಸೇರಿಸಿಕೊಳ್ಳಬಹುದು. ಒತ್ತಿದರೆ ಎಲ್ಲ ಆಪ್‌ಗಳಿಗೂ ಮೈಕ್ ಬಂದ್. ವಾಟ್ಸಾಪ್ ಕರೆಯಲ್ಲೂ ನಿಮ್ಮ ದನಿ ಹೋಗುವುದಿಲ್ಲ, ನೆನಪಿರಲಿ. ಇದನ್ನು ಆಫ್ ಮಾಡಿಟ್ಟು ಮರೆತು, ಮೈಕ್ ಹೋಗಿದೆ ಅಂತ ತಂದವರು ಇಬ್ಬರು ಇದ್ದಾರೆ. ಅದೇ ಫೋನುಗಳಲ್ಲಿ ಯಾವುದಾದರೂ ಆಪ್ ಮೈಕ್ ಬಳಸುವಾಗ ಮೇಲಿನ ಮೂಲೆಯಲ್ಲಿ ಹಸಿರು ಚುಕ್ಕೆ ಬರುತ್ತದೆ. ಐಫೋನಿನಲ್ಲಿ ಕಿತ್ತಳೆ ಬಣ್ಣದ್ದು. ನೀವು ಏನೂ ಮಾಡದಿದ್ದಾಗ ಅದು ಕಂಡರೆ, ಪರದೆ ಎಳೆದು ಆ ಚುಕ್ಕೆ ಒತ್ತಿ, ಯಾವ ಆಪ್ ಅಂತ ಅದೇ ಹೇಳುತ್ತದೆ. ಟಾರ್ಚ್ ಆಪ್‌ಗೆ ಮೈಕ್ ಯಾಕೆ ಬೇಕು? ಪರ್ಮಿಷನ್ ಕಿತ್ತುಹಾಕಿ.

ಇಲ್ಲಿ ಎಲ್ಲರೂ ಕೇಳುವ ಒಂದು ಪ್ರಶ್ನೆ ಇದೆ. “ನೆನ್ನೆ ಮಿಕ್ಸಿ ವಿಷ್ಯ ಮಾತಾಡಿದ್ವಿ ಕಣಣ್ಣ, ಇವತ್ತು ಮಿಕ್ಸಿ ಜಾಹೀರಾತು. ಕೇಳಿಸ್ಕೊತಿದೆ ಅಲ್ವಾ?” ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17,000ಕ್ಕೂ ಜಾಸ್ತಿ ಆಂಡ್ರಾಯ್ಡ್ ಆಪ್‌ಗಳನ್ನು ಇದಕ್ಕಾಗಿಯೇ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಹೇಳಿದರು. ಕದ್ದು ಮೈಕ್ ಆನ್ ಮಾಡಿ ಸದ್ದು ಕಳಿಸಿದ್ದು ಒಂದೂ ಸಿಗಲಿಲ್ಲ. ಕೆಲವು ಆಪ್‌ಗಳು ಸ್ಕ್ರೀನಿನ ಚಿತ್ರ ತೆಗೆದು ಬೇರೆಯವರಿಗೆ ಕಳಿಸುತ್ತಿದ್ದದ್ದು ಮಾತ್ರ ಸಿಕ್ಕಿತು. ಮಿಕ್ಸಿಯ ಕಥೆ ಸಾಮಾನ್ಯವಾಗಿ ಇಷ್ಟೇ ಇರುತ್ತದೆ: ನೀವು ಮಾತಾಡಿದ ಮೇಲೆ ಮನೆಯಲ್ಲಿ ಯಾರೋ ಒಬ್ಬರು ಅದೇ ವೈಫೈನಲ್ಲಿ ಮಿಕ್ಸಿ ರೇಟು ಹುಡುಕಿರುತ್ತಾರೆ. ಹೆಂಡತಿಯನ್ನು ಕೇಳಿ ನೋಡಿ ಅನ್ನುತ್ತೇನೆ. ನಕ್ಕು ಹೋಗುತ್ತಾರೆ. ಪೂರ್ತಿ ನಂಬಿಕೆ ಬಂದಿರುವುದಿಲ್ಲ.

ಅವ್ವನ ಫೋನಿನಲ್ಲಿ ಮಾಡಿರುವುದು

ಎಲ್ಲ ಉಲ್ಟಾ. ಅವ್ವನಿಗೆ ಎಪ್ಪತ್ತಾರು. ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವೆ, ಆದರೂ ಸಣ್ಣ ಅಕ್ಷರ ಕಾಣುವುದಿಲ್ಲ. ಬೆರಳು ಗಂಟು ಕಟ್ಟಿವೆ, ಸ್ಕ್ರೀನು ಒತ್ತಿದರೆ ಒಂದೋ ಹತ್ತುವುದೇ ಇಲ್ಲ, ಇಲ್ಲ ಅಂದರೆ ಎರಡು ಸಲ ಹತ್ತುತ್ತದೆ. ಹಗಲೆಲ್ಲ ಒಬ್ಬಳೇ ಇರುತ್ತಾಳೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಕೂತಾಗ ನಡುಮನೆಯಲ್ಲಿದ್ದ ಫೋನಿಗೆ ಅಲ್ಲಿಂದಲೇ ಕೂಗಿ ನನಗೆ ಹಚ್ಚಿಸಿದಳು. ಆ ದಿನ ನಾನು ಹೇಳುವ ಪ್ರೈವಸಿ ಪಾಠ ಎಲ್ಲ ಪಕ್ಕಕ್ಕೆ ಸರಿಯಿತು. ಅವಳ ಫೋನಿನಲ್ಲಿ ಕರೆದರೆ ಏಳುವುದು ಆನ್ ಇದೆ, ಹಾಗೇ ಇರುತ್ತದೆ.

ಆದರೆ ಬಾಗಿಲು ತೆಗೆದಿಟ್ಟರೂ ತಿಜೋರಿಗೆ ಬೀಗ ಹಾಕಬಹುದಲ್ಲ. ವಾಯ್ಸ್ ಮ್ಯಾಚ್‌ನಲ್ಲಿ ಅವಳ ದನಿ ಕಲಿಸುವಾಗ ಅಂಗಡಿಯಲ್ಲಿ ಕೂರಿಸಿ ಮಾಡಲಿಲ್ಲ. ಮನೆಯಲ್ಲಿ, ಫೋನನ್ನು ಅದು ಯಾವಾಗಲೂ ಇರುವ ಗೂಡಿನಲ್ಲೇ ಇಟ್ಟು, ಅವಳನ್ನು ಮಂಚದ ಮೇಲೆ ಕೂರಿಸಿ ಅಲ್ಲಿಂದಲೇ ಹೇಳಿಸಿದೆ. ಮೊದಲ ಸಲ ಫೋನ್ ಬಾಯಿಗೆ ಹಿಡಿದು ಮೆತ್ತಗೆ ಹೇಳಿಸಿದ್ದೆ. ಆಮೇಲೆ ದೂರದಿಂದ ಕೂಗಿದರೆ ಅದಕ್ಕೆ ಗುರುತೇ ಸಿಗುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ದನಿ ಹಿಡಿಯದಿದ್ದರೆ ಹಳೆಯದನ್ನು ಅಳಿಸಿ ಹೀಗೆ ಮತ್ತೆ ಕಲಿಸಿ. ಆದರೆ ಇದನ್ನು ಬೀಗ ಅಂತ ನಂಬಬೇಡಿ. ಒಂದೇ ತರಹದ ದನಿಗೂ ರೆಕಾರ್ಡಿಂಗ್‌ಗೂ ಅದು ಮೋಸ ಹೋಗಬಹುದು. ನಮ್ಮ ಚಿಕ್ಕಮ್ಮ ಕರೆದರೂ ಅದು ಓ ಅನ್ನುತ್ತದೆ, ಅಕ್ಕತಂಗಿಯರ ದನಿ ಅಷ್ಟು ಹತ್ತಿರ.

ಅದಕ್ಕೇ ಲಾಕ್ ಆಗಿದ್ದಾಗ ಅದು ಏನೇನು ಮಾಡಬಹುದು ಅನ್ನುವುದನ್ನು ಕತ್ತರಿಸಿದ್ದೇನೆ. ಅಸಿಸ್ಟೆಂಟ್ ಸೆಟ್ಟಿಂಗ್ಸ್‌ನಲ್ಲಿ ಲಾಕ್ ಸ್ಕ್ರೀನ್ ಅನ್ನುವ ಕಡೆ ನೋಡಿ. ಫೋನ್ ಹಚ್ಚಬಹುದು. ಮೆಸೇಜ್ ಓದುವಂತಿಲ್ಲ. ಬ್ಯಾಂಕಿನ ಓಟಿಪಿ ಬರುವುದು ಮೆಸೇಜಿಗೇ, ಅದನ್ನು ಬಂದವರೆದುರು ಗಟ್ಟಿಯಾಗಿ ಓದಿದರೆ ಹೇಗಿರುತ್ತದೆ ಯೋಚನೆ ಮಾಡಿ. ಅವಳ ಪಿಂಚಣಿ ದುಡ್ಡು ಬರುವ ಅಕೌಂಟಿನ ಯುಪಿಐ ಆ ಫೋನಿನಲ್ಲಿ ಇಲ್ಲವೇ ಇಲ್ಲ. 3 ತಿಂಗಳ ಆಟೋ ಡಿಲೀಟ್ ಅವಳಿಗೂ ಇದೆ.

ಅವಳದ್ದೇ ಒಂದು ಸೆಟ್ಟಿಂಗ್ ಕೂಡ ಇದೆ. ನೆಂಟರು ಬಂದು ಪಾಲಿನ ಮಾತು ತೆಗೆದರೆ, “ತಾಳಿ, ಆ ಹುಡುಗಿ ಕೇಳಿಸ್ಕೊತಾಳೆ” ಅಂತ ಎದ್ದು ಹೋಗಿ ಫೋನನ್ನು ಅಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚುತ್ತಾಳೆ. ಮೈಕ್ ಬಟನ್ ಒತ್ತುವುದನ್ನು ಎಷ್ಟು ಸಲ ಕಲಿಸಿದರೂ ಅವಳಿಗೆ ಡಬ್ಬದ ಮೇಲೇ ನಂಬಿಕೆ. ನಾನು ಪರೀಕ್ಷೆ ಮಾಡಿದ್ದೇನೆ. ಸ್ಟೀಲ್ ಡಬ್ಬ, ಅರ್ಧ ಅಕ್ಕಿ, ಬಿಗಿ ಮುಚ್ಚಳ. ಹೊರಗೆ ನಿಂತು ಎಷ್ಟು ಕರೆದರೂ ಏಳಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮ ಕಡೆಯವರಲ್ಲಿ ಹಲವರು ಹಾಲನ್ನು ಆಲು ಅನ್ನುತ್ತಾರೆ, ಹೋಗುವುದನ್ನು ಓಗೋದು ಅನ್ನುತ್ತಾರೆ. ಅವ್ವನೂ ಹಾಗೇ. ಅಂಥ ಮಾತನ್ನು ಯಂತ್ರ ಕಲಿಯಬೇಕಾದರೆ ಯಾರಾದರೂ ಆ ಮಾತು ಕೊಡಲೇಬೇಕು. ಎಲ್ಲರೂ ಎಲ್ಲ ಮುಚ್ಚಿಟ್ಟರೆ ಅದು ಪುಸ್ತಕದ ಕನ್ನಡದಲ್ಲೇ ನಿಲ್ಲುತ್ತದೆ. ಇದು ನನ್ನನ್ನು ಸ್ವಲ್ಪ ಕಾಡಿದ್ದೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಜತೆ ಸೇರಿ ವಾಣಿ ಅನ್ನುವ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತು ಸಂಗ್ರಹಿಸುತ್ತಿದ್ದಾರೆ. ಒಂದು ಚಿತ್ರ ತೋರಿಸಿ, ಇದರ ಬಗ್ಗೆ ನಿಮ್ಮ ಮಾತಿನಲ್ಲಿ ಹೇಳಿ ಅನ್ನುತ್ತಾರೆ. ಹಾಗೆ ಕೇಳಿ ಪಡೆದರೆ ಕೊಡಲು ನನಗೆ ತಕರಾರಿಲ್ಲ. ಅವ್ವನೂ ಖುಷಿಯಾಗಿ ಅರ್ಧ ಗಂಟೆ ಮಾತಾಡುತ್ತಾಳೆ. ಪಾಲಿನ ಜಗಳದಿಂದ ಕನ್ನಡ ಕಲಿಯುವುದು ಮಾತ್ರ ಬೇಡ.

ಫೋನ್ ಮಾರುವ ಮುಂಚೆ

ಎಕ್ಸ್‌ಚೇಂಜಿಗೆ ತಂದವರಿಗೆ ನಾನು ಇದನ್ನು ಕೇಳಿಯೇ ಕೇಳುತ್ತೇನೆ. ರೀಸೆಟ್ ಹೊಡೆದರೆ ಫೋನ್ ಖಾಲಿಯಾಗುತ್ತದೆ, ನಿಜ. ಆದರೆ ನಿಮ್ಮ ದನಿ ಉಳಿದಿದ್ದರೆ ಅದು ಇರುವುದು ಫೋನಿನಲ್ಲಿ ಅಲ್ಲ, ಅಕೌಂಟಿನಲ್ಲಿ. ಮೊದಲು ಮೈ ಆಕ್ಟಿವಿಟಿಗೆ ಹೋಗಿ ಅಳಿಸಿ. ಜೆಮಿನಿ ಬಳಸಿದ್ದರೆ ಅಲ್ಲೂ ಅಳಿಸಿ. ಆಮೇಲೆ ಫೋನಿನಿಂದ ಅಕೌಂಟ್ ತೆಗೆಯಿರಿ. ಕೊನೆಗೆ ರೀಸೆಟ್. ಅಕೌಂಟ್ ತೆಗೆಯದೆ, ಬಟನ್ ಒತ್ತಿ ಹಿಡಿದು ತೆರೆಯುವ ರಿಕವರಿ ಮೆನುವಿನಿಂದ ನೇರ ರೀಸೆಟ್ ಹೊಡೆದರೆ ಕೊಂಡವರಿಗೆ ಫೋನ್ ತೆರೆಯುವುದಿಲ್ಲ, ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಅವರು ಅದನ್ನು ಹಿಡಿದುಕೊಂಡು ನನ್ನ ಹತ್ತಿರವೇ ಬರುತ್ತಾರೆ.

ಎಲ್ಲ ಸೇರಿ ಅರ್ಧ ಗಂಟೆ ಕೆಲಸ. ಮನೆಯಲ್ಲೇ ಮಾಡಿಕೊಳ್ಳಿ. ಆಗದಿದ್ದರೆ ಬನ್ನಿ, ಮಾಡಿಕೊಡೋಣ. ಕೊಬ್ಬರಿ ಹರಾಜಿನ ದಿನ ಮಾತ್ರ ಬೇಡ, ಅವತ್ತು ನನಗೇ ನನ್ನ ಮಾತು ಕೇಳಿಸುವುದಿಲ್ಲ.